ಕುಂದುಕೊರತೆ ವಿಭಾಗದ ದವಡೆ

ದೊಡ್ಡ ಅಧಿಕಾರಿಗಳ ಮುಂದೆ ಆಕಳಿಸಬಾರದೆಂದು ಯಾವ ಸೇವಾ ನಿಯಮದಲ್ಲೂ ಬರೆದಿಲ್ಲ. ಬರೆದಿದ್ದರೆ ಯಾರಾದರೂ ಮುರಿಯುತ್ತಿದ್ದರು. ಬರೆಯದೆ ಬಿಟ್ಟದ್ದರಿಂದಲೇ ನೀರು ಸರಬರಾಜು ಕಚೇರಿಯ ಕುಂದುಕೊರತೆ ವಿಭಾಗದ ಗುಮಾಸ್ತರು ಅದನ್ನು ಅತಿಯಾದ ಶ್ರದ್ಧೆಯಿಂದ ಪಾಲಿಸಿ ತಮ್ಮ ಎಡದವಡೆಯನ್ನು ಕಳೆದುಕೊಂಡರು. ಕಳೆದುಕೊಂಡರು ಎಂದರೆ, ದವಡೆ ಇದ್ದಲ್ಲೇ ಇತ್ತು. ಅದರ ಮೇಲಿನ ಅಧಿಕಾರ ಹೋಯಿತು.

ಅಂದು ಸಾಹೇಬರು ಸಮಯಪಾಲನೆ ಎಂಬ ವಿಷಯದ ಮೇಲೆ ಮಾತಾಡಲು ನಿಂತು ಒಂದೂಮುಕ್ಕಾಲು ಗಂಟೆಯಾಗಿತ್ತು. ಗುಮಾಸ್ತರು ಮೊದಲ ಸಾಲಿನಲ್ಲಿ ಕೂತಿದ್ದರು. ಅಲ್ಲಿ ಕೂರಿ ಎಂದು ಯಾರೂ ಹೇಳಿರಲಿಲ್ಲ. ಬಡ್ತಿಯ ಪಟ್ಟಿ ತಯಾರಾಗುತ್ತಿದೆ ಎಂದು ಮಾತ್ರ ಜವಾನ ಹೇಳಿದ್ದ. ಹನ್ನೊಂದು ಆಕಳಿಕೆಗಳನ್ನು ಅವರು ಮೂಗಿನಿಂದ, ಕಣ್ಣಿನಿಂದ, ಒಂದನ್ನಂತೂ ಕಿವಿಯಿಂದಲೇ ಹೊರಗೆ ಸಾಗಹಾಕಿದರು. ಹನ್ನೆರಡನೆಯದು ಹೋದರೆ ಬಾಯಿಂದಲೇ ಹೋಗುತ್ತೇನೆಂದು ಹಟ ಹಿಡಿಯಿತು. ಗುಮಾಸ್ತರು ಹಲ್ಲು ಕಚ್ಚಿ, ತುಟಿ ಬಿಗಿದು, ಮುಖದಲ್ಲಿ ಮೆಚ್ಚುಗೆ ತಂದುಕೊಂಡು ಅದನ್ನು ನುಂಗಿದರು. ಕಿವಿಯ ಮುಂದೆ 'ಟಕ್' ಎಂದಿತು. ಯಾರೋ ಪೆನ್ನಿನ ಗುಂಡಿ ಒತ್ತಿ ತಮ್ಮ ಮಾತನ್ನು ಬರೆದುಕೊಳ್ಳುತ್ತಿದ್ದಾರೆಂದು ತಿಳಿದ ಸಾಹೇಬರು ಉಬ್ಬಿಹೋಗಿ ಇನ್ನೂ ಅರ್ಧ ಗಂಟೆ ಮುಂದುವರಿಸಿದರು.

ಈ ಗುಮಾಸ್ತರು ಎಂಥ ಮಾತುಗಾರರೆಂಬುದನ್ನು ಇಲ್ಲಿ ಹೇಳದಿದ್ದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಕಚೇರಿಯಲ್ಲಿ ಅವರನ್ನು ಕರೆಯುತ್ತಿದ್ದುದೇ 'ರೇಡಿಯೊ' ಎಂದು. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ದೂರು ಹೇಳಲು ಬಂದವರಿಗೆ, ನೀರು ಏಕೆ ಬರುವುದಿಲ್ಲ, ಹಿಂದೆ ಹೇಗೆ ಬರುತ್ತಿತ್ತು, ಬರದಿದ್ದರೆ ಏನೇನು ಲಾಭ ಎಂಬುದನ್ನೆಲ್ಲ ಅವರು ವಿವರಿಸಿ ಕಳಿಸುತ್ತಿದ್ದರು. ಮನೆಯಲ್ಲಿ ಹೆಂಡತಿಯೊಡನೆ ಇಪ್ಪತ್ತೆರಡು ವರ್ಷಗಳಿಂದ ಒಂದೇ ಜಗಳ ನಡೆದಿತ್ತು. ವಿಷಯ ದಿನವೂ ಬದಲಾಗುತ್ತಿತ್ತು, ಜಗಳ ಬದಲಾಗುತ್ತಿರಲಿಲ್ಲ. ಇಬ್ಬರೂ ಅದನ್ನು ಹುರುಪಿನಿಂದ ಆಡುತ್ತಿದ್ದರು. ಗೆಲ್ಲುತ್ತಿದ್ದವರು ಮಾತ್ರ ಯಾವಾಗಲೂ ಹೆಂಡತಿಯೇ.

ಮರುದಿನ ಬೆಳಿಗ್ಗೆ ಗುಮಾಸ್ತರ ಬಾಯಿ ಒಂದು ಬೆರಳು ಹಿಡಿಸುವಷ್ಟು ಮಾತ್ರ ತೆರೆಯಿತು.

"ರೀ, ಬ್ರಷ್ ಹಿಡ್ಕೊಂಡು ಕನ್ನಡಿ ಮುಂದೆ ಯಾಕೆ ಅಳ್ತಾ ಇದೀರಿ?"

"ಬಾಯಿ ತೆಗಿಯಕ್ಕಾಗ್ತಿಲ್ಲ ಕಣೇ."

"ಇಪ್ಪತ್ತೆರಡು ವರ್ಷದಲ್ಲಿ ಇವತ್ತಾ ಹಾಗನ್ನಿಸಿದ್ದು ನಿಮಗೆ?"

ಗುಮಾಸ್ತರು ಇದಕ್ಕೆ ತಕ್ಕ ಉತ್ತರ ಕೊಡಲು ಹೋದರು. ಕಿವಿಯ ಮುಂದಿನಿಂದ ಒಂದು ನೋವು ಹೊರಟು, ಕೆನ್ನೆಯ ಮೇಲೆ ಹಾದು, ಕುತ್ತಿಗೆಯಲ್ಲಿ ತಂಗಿ, ಭುಜಕ್ಕಿಳಿಯಿತು. ಉತ್ತರ ಒಳಗೇ ಉಳಿಯಿತು. ಹೆಂಡತಿ ಒಂದು ಕ್ಷಣ ಕಾದು, ಬರಬೇಕಾದ್ದು ಬರದಿದ್ದಾಗ ನಿಜವಾಗಿಯೂ ಗಾಬರಿಯಾದರು.

ಇಲ್ಲಿಂದ ಚಿಕಿತ್ಸೆಯ ಪರ್ವ.

ನೋವು ಕಿವಿಯ ಹತ್ತಿರವೆಂದು ಮೊದಲು ಕಿವಿಯ ಡಾಕ್ಟರ ಬಳಿ ಹೋದರು. ಅವರು ದೀಪ ಬಿಟ್ಟು ನೋಡಿ, "ಕಿವಿ ಅಂದ್ರೆ ಹೀಗಿರ್ಬೇಕು ನೋಡಿ!" ಎಂದು ತಮ್ಮ ಸಹಾಯಕಿಯನ್ನೂ ಕರೆದು ತೋರಿಸಿದರು. ಸಹಾಯಕಿಯೂ ಮೆಚ್ಚಿದಳು. ಇಷ್ಟು ಒಳ್ಳೆಯ ಕಿವಿಯಿಟ್ಟುಕೊಂಡು ನೋವು ಎಂದದ್ದಕ್ಕೆ ಗುಮಾಸ್ತರಿಗೇ ನಾಚಿಕೆಯಾಯಿತು.

ಹಲ್ಲಿನ ಡಾಕ್ಟರು ಹೊಗಳಲಿಲ್ಲ. "ಹಿಂದಿನ ಆ ಕೊನೇ ಹಲ್ಲಿದೆಯಲ್ಲ, ಅದರ ನಡತೆ ನನಗ್ಯಾಕೋ ಸರಿ ಕಾಣ್ತಿಲ್ಲ" ಎಂದರು. ಒಂದು ಬೆರಳಗಲದ ಬಾಯಿಂದ ಒಂದು ಹಲ್ಲನ್ನು ಹೊರತರುವುದು ಬಾಟಲಿಯೊಳಗಿನ ಕುರ್ಚಿಯನ್ನು ಹೊರತೆಗೆದಂಥ ಕೆಲಸ. ಅದಕ್ಕೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಕೊನೆಗೆ ತಟ್ಟೆಯ ಮೇಲೆ ಬಿದ್ದ ಹಲ್ಲನ್ನು ಡಾಕ್ಟರು ತಿರುಗಿಸಿ ತಿರುಗಿಸಿ ನೋಡಿದರು.

"ಛೆ. ತೀರಾ ಒಳ್ಳೇ ಹಲ್ಲು" ಎಂದರು.

ನಿರಪರಾಧಿ ಹಲ್ಲು ಹೋಯಿತು. ನೋವು ಉಳಿಯಿತು.

ಮನಸ್ಸಿನ ಡಾಕ್ಟರು ಬಹಳ ಮೆತ್ತಗೆ ಮಾತಾಡಿದರು.

"ಏನಾದ್ರೂ ಚಿಂತೆ ಇದ್ಯಾ ನಿಮಗೆ?"

"ದವಡೆ ನೋವು."

"ಅದು ಬಿಟ್ಟು?"

"ದವಡೆ ನೋವು."

"ನೋಡಿ, ಸದಾ ಅದನ್ನೇ ಯೋಚಿಸ್ತಾ ಇರೋದ್ರಿಂದ ನೋವು."

ಅದನ್ನು ಯೋಚಿಸದಿರಲು ಗುಮಾಸ್ತರು ಮೂರು ದಿನ ಹಲ್ಲು ಕಚ್ಚಿಕೊಂಡು ಪ್ರಯತ್ನಪಟ್ಟರು. ನೋವು ಇಮ್ಮಡಿಯಾಯಿತು.

ಆಗ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ರಂಗಕ್ಕಿಳಿದರು. ಅವರಿಗೆ ಕಾಯಿಲೆಯ ಮೂಲ ಮೊದಲ ನೋಟಕ್ಕೇ ತಿಳಿಯಿತು. "ನಿಮ್ಮ ದವಡೆಗೆ ಶಿಸ್ತಿಲ್ಲ ಸ್ವಾಮೀ! ನೀವು ಸಲಿಗೆ ಕೊಟ್ಟು ಕೆಡಿಸಿದೀರಿ." ದಿನವೂ ಬೆಳಿಗ್ಗೆ ಆರೂವರೆಗೆ ಕಾಂಪೌಂಡಿನ ಆಚೆ ಅವರು, ಈಚೆ ಗುಮಾಸ್ತರು. "ದವಡೇ... ಎಡಕ್ಕೆ! ದವಡೇ... ಬಲಕ್ಕೆ! ಏಯ್, ಭುಜ ಅಲ್ಲ, ದವಡೆ!" ಹಾಲು ತರಲು ಬಂದ ಬೀದಿಯವರು ನಿಂತು ನೋಡಿ, ತಮ್ಮ ದವಡೆಯನ್ನೂ ಒಂದೆರಡು ಸಲ ಆಡಿಸಿಕೊಂಡು ಹೋಗುತ್ತಿದ್ದರು. ಹದಿನೈದು ದಿನಕ್ಕೆ ಫಲ ಕಂಡಿತು. ಎಡಗಡೆ ಮಾತ್ರ ಟಕ್ ಎನ್ನುತ್ತಿದ್ದದ್ದು ಬಲಗಡೆಯೂ ಎನ್ನತೊಡಗಿತು.

"ನೋಡಿದ್ರಾ? ಈಗ ಎರಡೂ ಹೆಜ್ಜೆ ಹಾಕ್ತಿವೆ!" ಎಂದರು ಮೇಷ್ಟ್ರು.

ತಿಂಗಳುಗಳು ಹೀಗೆಯೇ ಕಳೆದವು. ಹಾಲಲ್ಲಿ ನೆನೆಸಿದ ಬ್ರೆಡ್ಡು, ಬೇಯಿಸಿ ಅರೆದ ಆಲೂಗೆಡ್ಡೆ, ಮತ್ತೆ ಬ್ರೆಡ್ಡು. ಎದುರಿಗೆ ಯಾರಾದರೂ ಹಪ್ಪಳದಂಥದ್ದು ಕಡಿದರೆ ಗುಮಾಸ್ತರು ಎದ್ದು ಒಳಗೆ ಹೋಗುತ್ತಿದ್ದರು. ಸೀನು ಬಂದರೆ ಎರಡು ಕೈಯಲ್ಲೂ ದವಡೆ ಹಿಡಿದು ಗೋಡೆಗೆ ಒರಗುತ್ತಿದ್ದರು. ಬಿಸಿಬಟ್ಟೆಯ ಶಾಖ ಕೊಡುತ್ತ ಹೆಂಡತಿ, "ಏನಾದ್ರೂ ಬೈಯ್ರೀ, ಒಂದೇ ಒಂದು ಸಲ" ಎನ್ನುತ್ತಿದ್ದರು. ನಾಲ್ಕು ದಿನವಿರಲು ಬಂದ ಅತ್ತೆ ಎರಡು ತಿಂಗಳು ನಿಂತರು. "ಅಳಿಯಂದಿರು ಈಗ ಎಷ್ಟು ಒಳ್ಳೆಯವರಾಗಿದಾರೆ ಅಂತೀನಿ! ನಾನು ಹೇಳಿದ್ದಕ್ಕೆಲ್ಲ ಕಣ್ಣಲ್ಲಿ ನೀರು ತುಂಬ್ಕೊಂಡು ಕೇಳ್ತಾರೆ."

ಕಚೇರಿಯಲ್ಲಿ ಆದದ್ದು ಇದಕ್ಕಿಂತ ಘೋರ.

ಕುಂದುಕೊರತೆ ವಿಭಾಗಕ್ಕೆ ಸಾರ್ವಜನಿಕರು ಬರುವುದು ಬುಧವಾರ. ಅಲ್ಲಿ ಹಳೆಯದೊಂದು ನಿಯಮವಿದೆ. ಹೇಳಿದ್ದೊಂದು, ಬರೆದುಕೊಂಡದ್ದು ಇನ್ನೊಂದು ಎಂಬ ತಕರಾರು ಒಂದು ಕಾಲಕ್ಕೆ ಹೆಚ್ಚಾಗಿ, ಮೇಲಿನವರು ಆಜ್ಞೆ ಹೊರಡಿಸಿದ್ದರು: ವಿಭಾಗದ ಗುಮಾಸ್ತರು ದೂರನ್ನು ಪುಸ್ತಕದಲ್ಲಿ ಬರೆದು, ದೂರುದಾರರಿಗೆ ಗಟ್ಟಿಯಾಗಿ ಪೂರ್ತಿ ಓದಿ ಹೇಳಿ, ಅವರ ಸಹಿ ಪಡೆಯತಕ್ಕದ್ದು, ಓದಿ ಹೇಳದ ದೂರು ದೂರಲ್ಲ.

ಗುಮಾಸ್ತರಿಗೆ ಓದಲಾಗುತ್ತಿರಲಿಲ್ಲ. ಜವಾನನಿಗೆ ಪುಸ್ತಕ ತಳ್ಳಿ ಸನ್ನೆ ಮಾಡಿದರು. "ನನ್ನ ಕೆಲಸದ ಪಟ್ಟೀಲಿ ಓದೋದು ಇಲ್ಲ ಸಾರ್. ಒಯ್ಯೋದು, ತರೋದು, ಎರಡೇ" ಎಂದ ಅವನು. ಹಾಗಾಗಿ ಗುಮಾಸ್ತರು ಕೆನ್ನೆಗೆ ಕೈಕೊಟ್ಟು ಕೂತು, ಜನ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡರು. ನೋವಿಗೆ ಕಣ್ಣು ತುಂಬಿ ಬರುತ್ತಿತ್ತು. ತುಂಬಿ ಬಂದಾಗ ಒರೆಸಿಕೊಂಡರು.

ಇದು ಜನರ ಮೇಲೆ ಮಾಡಿದ ಪರಿಣಾಮವನ್ನು ಯಾವ ಇಲಾಖೆಯೂ ಊಹಿಸಿರಲಿಲ್ಲ. ಮೂರನೆಯ ಮಹಡಿಗೆ ನೀರು ಹೊತ್ತು ಸುಸ್ತಾದ ಒಬ್ಬ ಅಜ್ಜಿ ನಲ್ಲಿಯಿಂದ ಶುರುಮಾಡಿ, ಮಂಡಿನೋವಿಗೆ ಬಂದು, ಸೊಸೆಯನ್ನು ಮುಟ್ಟಿ, ಸತ್ತ ಗಂಡನವರೆಗೆ, ಐದು ನಿಮಿಷದ ಟೋಕನ್ನಿನ ಮೇಲೆ ನಲವತ್ತು ನಿಮಿಷ ಹೇಳಿದರು. ಎದುರಿಗೆ ಗುಮಾಸ್ತರ ಕಣ್ಣಿಂದ ಧಾರೆ. ಅಜ್ಜಿ ತಾವೇ ಸೆರಗಿನ ತುದಿಯನ್ನು ಕಿಂಡಿಯೊಳಗೆ ಚಾಚಿ, "ಹೋಗ್ಲಿ ಬಿಡಪ್ಪಾ, ನೀನು ಇಷ್ಟು ಸಂಕಟಪಡಬೇಡ. ನಾನು ಹೇಗೋ ಹೊತ್ಕೋತೀನಿ" ಎಂದು ಸಹಿಯ ನೆನಪೂ ಇಲ್ಲದೆ ಎದ್ದುಹೋದರು. ಮುಂದಿನ ವಾರ ಮೂವರು ಗೆಳತಿಯರನ್ನು ಕರೆತಂದರು.

ಬರೆದ ದೂರುಗಳು ತಿಂಗಳಿಗೆ ಇನ್ನೂರು, ದಾಖಲಾದವು ಸೊನ್ನೆ. ಸತತ ಏಳು ತಿಂಗಳು ಸೊನ್ನೆ. ಮೇಲಿನ ಕಚೇರಿಯಿಂದ ಸಾಹೇಬರಿಗೆ 'ದೂರುಮುಕ್ತ ಕಚೇರಿ' ಎಂಬ ಫಲಕ ಬಂದಿತು. ಬೇರೆ ಶಾಖೆಗಳ ಗುಮಾಸ್ತರು ಈ ಪದ್ಧತಿಯನ್ನು ಕಲಿಯಲು ತಂಡತಂಡವಾಗಿ ಬಂದರು. ಸಾಹೇಬರು ಅವರನ್ನು ಗುಮಾಸ್ತರ ಬೆನ್ನ ಹಿಂದೆ ನಿಲ್ಲಿಸಿ ಪಿಸುದನಿಯಲ್ಲಿ ವಿವರಿಸುತ್ತಿದ್ದರು. "ಕೈ ನೋಡಿ, ಎಡಕೆನ್ನೆ ಮೇಲೆ. ಬಲಕೆನ್ನೆ ಅಲ್ಲ. ಹುಬ್ಬು ಗಮನಿಸಿ. ಇದು ಸುಮ್ಮನೆ ಬರಲ್ಲ, ಇಪ್ಪತ್ತು ವರ್ಷದ ಅನುಭವ ಬೇಕು." ಬಂದವರು ಕೆನ್ನೆಗೆ ಕೈಯಿಟ್ಟು ಅಭ್ಯಾಸ ಮಾಡಿದರು. ಅವರಿಗೆ ಕಣ್ಣೀರು ಮಾತ್ರ ಹಿಡಿತಕ್ಕೆ ಸಿಗಲಿಲ್ಲ.

ಎಂಟನೆಯ ತಿಂಗಳಲ್ಲಿ ಹಲ್ಲಿನ ಡಾಕ್ಟರಿಗೆ ಆ ಹಲ್ಲಿನ ನೆನಪು ಕಾಡಿರಬೇಕು. ಅವರೇ ಫೋನು ಮಾಡಿ, ದೊಡ್ಡ ಆಸ್ಪತ್ರೆಯಲ್ಲಿ ದವಡೆ ಕೀಲಿನ ತಜ್ಞೆಯೊಬ್ಬರು ಇದ್ದಾರೆ, ಬುಧವಾರ ಮಾತ್ರ ನೋಡುತ್ತಾರೆ ಎಂದು ತಿಳಿಸಿದರು. ಗುಮಾಸ್ತರು ಒಂದು ಬುಧವಾರ ರಜೆ ಹಾಕಿ, ಹೆಂಡತಿಯ ಜೊತೆ ಹೋದರು.

ತಜ್ಞೆ ಏನನ್ನೂ ಕೇಳುವ ಮೊದಲೇ ಕಿವಿಯ ಮುಂದೆ ಒಂದು ಬೆರಳಿಟ್ಟರು.

"ಇಲ್ಲೇನಾ?"

ಎಂಟು ತಿಂಗಳಲ್ಲಿ ನೋವಿದ್ದ ಜಾಗದ ಮೇಲೆ ಬೆರಳಿಟ್ಟ ಮೊದಲ ಮನುಷ್ಯ ಅವರು. ಗುಮಾಸ್ತರು ಅತ್ತರು. ಈ ಸಲ ನೋವಿಗಲ್ಲ.

"ಕೀಲಿನ ಮಧ್ಯೆ ಇರೋ ಮೆತ್ತೆ ಜಾರಿದೆ. ಸುತ್ತಲ ಸ್ನಾಯು ಬಿಗಿದು ಕಲ್ಲಾಗಿದೆ. ಹಲ್ಲಿಗೆ ತೊಡೋ ಕವಚ ಒಂದು ಮಾಡಿಸ್ತೀನಿ. ಬಂದಾಗಲೆಲ್ಲ ಸ್ನಾಯು ಸಡಿಲ ಮಾಡ್ಬೇಕು, ವ್ಯಾಯಾಮ ಹೇಳಿಕೊಡ್ತೀನಿ."

"ವಾಸಿ ಆಗುತ್ತಾ ಡಾಕ್ಟ್ರೇ?" ಹೆಂಡತಿ ಕೇಳಿದರು.

"ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ. ಇಂಥವರಲ್ಲಿ ಬಹಳ ಜನಕ್ಕೆ ತುಂಬಾ ಕಮ್ಮಿಯಾಗಿದೆ. ಆದ್ರೆ ಎಂಟು ಬುಧವಾರ ಬಿಡದೆ ಬರ್ಬೇಕು. ಮುಂದಿನ ವಾರದಿಂದ ಶುರು. ತಪ್ಪಿಸಿದ್ರೆ ಆ ಜಾಗ ಇನ್ನೊಬ್ಬರಿಗೆ ಹೋಗುತ್ತೆ. ನಿಮ್ಮ ಸರದಿ ಮತ್ತೆ ಬರೋಕೆ ಐದು ತಿಂಗಳು. ಮುಖ್ಯವಾಗಿ, ಊಟ ಬಿಟ್ಟು ಉಳಿದ ಹೊತ್ತು ಮೇಲಿನ ಹಲ್ಲು ಕೆಳಗಿನ ಹಲ್ಲು ಮುಟ್ಟಬಾರದು. ಯಾವುದಕ್ಕೂ ಹಲ್ಲು ಕಚ್ಚಬಾರದು."

"ಇವರು ಕಚೇರೀಲಿ ಕೆಲಸ ಮಾಡೋರು ಡಾಕ್ಟ್ರೇ" ಎಂದರು ಹೆಂಡತಿ ಚಿಂತೆಯಿಂದ.

ಎಂಟು ಬುಧವಾರ! ಗುಮಾಸ್ತರು ಆಸ್ಪತ್ರೆಯ ಮೆಟ್ಟಿಲನ್ನು ಎಂಟು ತಿಂಗಳ ಹಿಂದಿನ ಹಗುರ ಕಾಲುಗಳಲ್ಲಿ ಇಳಿದರು. ಅವರಿಗೆ ತಿಳಿಯದಿದ್ದ ಸಂಗತಿಯೆಂದರೆ, ಅದೇ ಹೊತ್ತಿಗೆ ಕಚೇರಿಯಲ್ಲಿ ಅವರ ಕುರ್ಚಿಯಲ್ಲಿ ಕೂತ ಬದಲಿ ಗುಮಾಸ್ತ, ಗಂಟಲು ಚೆನ್ನಾಗಿದ್ದ ಪಾಪಿ, ನಿಯಮದ ಪ್ರಕಾರ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿ ಒಂದೇ ದಿನಕ್ಕೆ ಅರವತ್ತೊಂದು ದೂರುಗಳನ್ನು ದಾಖಲು ಮಾಡಿದ್ದ.

ರಜೆಯ ಅರ್ಜಿ ಹಿಡಿದು ಹೋದಾಗ ಸಾಹೇಬರು ಆ ಅರವತ್ತೊಂದರ ಮುಂದೆ ತಲೆ ಹಿಡಿದು ಕೂತಿದ್ದರು.

"ಎಂಟು ಬುಧವಾರ ರಜಾನಾ? ಯಾಕ್ರೀ, ಗುರುವಾರ ನೋವಾಗಲ್ವಾ?"

"ಡಾಕ್ಟ್ರು... ಬುಧವಾರ ಮಾತ್ರ" ಎಂದರು ಗುಮಾಸ್ತರು ಮೂಗಿನಲ್ಲಿ.

"ನಗ್ತಾ ಬೇರೆ ಇದೀರಿ."

"ನಗು ಅಲ್ಲ ಸಾರ್. ನೋವು."

"ನೋಡ್ರೀ ಇವರೇ, ನಿಮಗೆ ನೋವಿದೆ, ನಾನು ಇಲ್ಲ ಅನ್ನಲ್ಲ. ನೋವು ನಿಮ್ಮದು, ಒಪ್ಪಿದೆ. ಆದ್ರೆ ಅದರ ಫಲ ಇಲಾಖೇದು." ಸಾಹೇಬರು ಗೋಡೆಯ ಫಲಕದ ಕಡೆ ನೋಡಿದರು. "ಒಂದು ಮಾತು ಕೇಳ್ತೀನಿ, ನಿಜ ಹೇಳಿ. ವಾಸಿಯಾದ್ರೆ ಮತ್ತೆ ಮಾತಾಡ್ತೀರಾ?"

"ಹೂಂ."

"ದೂರು ಓದಿ ಹೇಳ್ತೀರಾ?"

"ಹೂಂ" ಎಂದರು ಗುಮಾಸ್ತರು, ಒಂದು ಸುಳ್ಳು ಹೇಳಿದ್ದರೆ ಬದುಕಿಕೊಳ್ಳುತ್ತಿದ್ದ ಮನುಷ್ಯ.

ಸಾಹೇಬರು ಅರ್ಜಿಯನ್ನು ನಾಲ್ಕಾಗಿ ಮಡಿಸಿ ಮೇಜಿನ ಖಾನೆಯೊಳಗಿಟ್ಟರು. "ಯೋಚನೆ ಮಾಡೋಣ. ಅವಸರದ ಚಿಕಿತ್ಸೆ ಒಳ್ಳೇದಲ್ಲ."

ಬುಧವಾರ ಬಂತು. ಗುಮಾಸ್ತರ ಹೆಸರು ಆಸ್ಪತ್ರೆಯ ಪಟ್ಟಿಯಲ್ಲಿತ್ತು, ಅವರು ಮಾತ್ರ ಕಿಂಡಿಯ ಹಿಂದೆ ಇದ್ದರು. ಹದಿನೇಳನೆಯ ಟೋಕನ್ನಿನವರು ಬಂದು ಕುರ್ಚಿ ಎಳೆದು ಕೂತಾಗ ತಲೆಯೆತ್ತಿ ನೋಡಿದರೆ, ಹೆಂಡತಿ. ಕೈಯಲ್ಲಿ ಟೋಕನ್ನು, ಮುಖದಲ್ಲಿ ಇಪ್ಪತ್ತೆರಡು ವರ್ಷದ ಪರಿಚಯವೇ ಇಲ್ಲ. ಗುಮಾಸ್ತರು ಕಣ್ಣಲ್ಲಿ, ಹುಬ್ಬಲ್ಲಿ, ಮನೆಗೆ ಹೋಗೆಂದು ಬೇಡಿದರು.

"ನಾನು ಸಾರ್ವಜನಿಕರು. ಬರ್ಕೊಳ್ರೀ."

"ಅಮ್ಮಾ, ಹೆಸರು, ವಿಳಾಸ ಹೇಳ್ಬೇಕು" ಎಂದ ಜವಾನ.

"ವಿಳಾಸ ಅವರಿಗೆ ಗೊತ್ತು. ಸಂಜೆ ಬರೋದು ಅಲ್ಲಿಗೇ." ಸಾಲಿನಲ್ಲಿ ನಿಂತವರು ಕಿವಿ ನಿಮಿರಿಸಿದರು. ಆಕೆ ಗಂಟಲು ಸರಿಮಾಡಿಕೊಂಡರು. "ಬರ್ಕೊಳ್ಳಿ. ಈ ಕಚೇರಿಯವರು ನನ್ನ ಗಂಡನ ದವಡೆಯನ್ನು ಎಂಟು ತಿಂಗಳಿಂದ ಇಟ್ಟುಕೊಂಡಿದ್ದಾರೆ. ರಿಪೇರಿಗೆ ಎಂಟು ಬುಧವಾರ ಕೇಳಿದರೆ ಕೊಡುತ್ತಿಲ್ಲ. ಕೂಡಲೇ ವಾಪಸು ಕೊಡಿಸಬೇಕು."

ಗುಮಾಸ್ತರು ಬರೆದುಕೊಂಡರು. ಎಂಟು ತಿಂಗಳ ಅಭ್ಯಾಸ; ಕೈ ತಾನಾಗಿ ಬರೆಯಿತು.

"ಈಗ ಓದಿ. ನಿಯಮ ನನಗೂ ಗೊತ್ತು. ಗಟ್ಟಿಯಾಗಿ, ಪೂರ್ತಿ."

ಜವಾನ ಮೊದಲ ಬಾರಿಗೆ ಯಾರೂ ಹೇಳದೆ ಸಾಹೇಬರ ಕೋಣೆಗೆ ಓಡಿದ. ಸಾಹೇಬರು ಕನ್ನಡಕ ಹಾಕಿಕೊಳ್ಳುತ್ತಲೇ ಬಂದರು.

"ಅಮ್ಮಾ, ಏನಿದು? ಇದು ನೀರಿನ ಕಚೇರಿ!"

"ನೀರಿನ ದೂರೇ ಸ್ವಾಮೀ. ಎಂಟು ತಿಂಗಳಿಂದ ಇವರ ಕಣ್ಣಲ್ಲಿ ಸೋರಿಕೆ ನಿಂತಿಲ್ಲ. ನಿಮ್ಮ ಇಲಾಖೆ ಅಲ್ವಾ?"

ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಮೂರನೆಯ ಮಹಡಿಯ ಅಜ್ಜಿ ಹಿಂದಿನಿಂದ, "ಓದಪ್ಪಾ, ಹೆದರ್ಬೇಡ. ನಾವೆಲ್ಲ ಇದೀವಿ" ಎಂದು ಕೂಗಿದರು. ಸಾಹೇಬರು ಮೆಲ್ಲಗೆ, ಬಹಳ ಮೆಲ್ಲಗೆ, "ಯೋಚನೆ ಮಾಡ್ರೀ. ಓದಿದ್ರೆ ಅದು ದಾಖಲು" ಎಂದರು.

ಗುಮಾಸ್ತರು ಪುಸ್ತಕ ಎತ್ತಿಕೊಂಡರು. ಅವರ ಬದುಕಿನ ಅತ್ಯಂತ ಧೀರ ಗಳಿಗೆ ಇದೇ ಎಂದು ಹೇಳಲು ಅಡ್ಡಿಯಿಲ್ಲ, ಏಕೆಂದರೆ ಹೋಲಿಸಲು ಇನ್ನೊಂದಿಲ್ಲ. ಮೊದಲ ವಾಕ್ಯವನ್ನು ಮೂಗಿನಿಂದ ಓದಿದರು. ಎರಡನೆಯದನ್ನು ಹಲ್ಲಿನ ಸಂದಿಯಿಂದ ಓದಿದರು. ಬೆವರು ಪುಸ್ತಕದ ಮೇಲೆ ಹನಿಯಿತು. ಮೂರನೆಯದಕ್ಕೆ ಬಂದಾಗ ಎಂಟು ತಿಂಗಳಿಂದ ನುಂಗಿದ್ದೆಲ್ಲ ಒಟ್ಟಿಗೆ ಮೇಲೆ ಬಂದಿರಬೇಕು, "ಕೂಡಲೇ ವಾ..." ಎಂದು ಅವರು ದೊಡ್ಡದಾಗಿ ಬಾಯಿ ತೆರೆದರು.

ಟಕ್. ಟಕ್.

ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಒಂದು ಬೆರಳಗಲಕ್ಕೆ ಮೇಲೆ ತೆರೆಯದಿದ್ದ ಬಾಯಲ್ಲಿ ಈಗ ಒಂದು ಸೇಬು ಸಲೀಸಾಗಿ ಕೂರುತ್ತಿತ್ತು. ಮುಚ್ಚಲು ನೋಡಿದರು. ಆಗಲಿಲ್ಲ. ಕೈಯಿಂದ ತಳ್ಳಿದರು. ಆಗಲಿಲ್ಲ.

ಸಾಲಿನವರು ಇದನ್ನು ಬೇರೆಯೇ ರೀತಿಯಲ್ಲಿ ಅರ್ಥ ಮಾಡಿಕೊಂಡರು. "ನೋಡಿದ್ರೇನ್ರೀ!" ಎಂದರು ಹದಿನೆಂಟನೆಯ ಟೋಕನ್ನಿನವರು. "ಇಷ್ಟು ವರ್ಷದಲ್ಲಿ ನಮ್ಮ ಕಷ್ಟ ಕೇಳಿ ಬೆಚ್ಚಿಬಿದ್ದ ಅಧಿಕಾರಿ ಇವರೊಬ್ಬರೇ!"

"ಮುಚ್ರೀ, ಮುಚ್ರೀ! ಕಚೇರಿ ಮರ್ಯಾದೆ ಹೋಗ್ತಿದೆ!" ಎಂದು ಸಾಹೇಬರು ಒದ್ದಾಡಿದರು. ಹೆಂಡತಿ ಕುರ್ಚಿ ಹಿಂದೆ ತಳ್ಳಿ ಎದ್ದರು. ಆಕೆಯ ಕೈಯಿಂದ ಟೋಕನ್ನು ಕೆಳಗೆ ಬಿತ್ತು.

ಸಾಹೇಬರ ಕಾರು ಅವರ ಸಭೆಗೆ ಬೇಕಾಗಿತ್ತು. ಅಂಗಳದಲ್ಲಿ ಉಳಿದಿದ್ದ ಇಲಾಖೆಯ ವಾಹನವೆಂದರೆ ನೀರಿನ ಟ್ಯಾಂಕರು. ಅದರ ಮುಂದಿನ ಸೀಟಿನಲ್ಲಿ ಗುಮಾಸ್ತರನ್ನು ಕೂರಿಸಿ, ಪಕ್ಕದಲ್ಲಿ ಹೆಂಡತಿ ಕೂತು ಆಸ್ಪತ್ರೆಗೆ ಹೊರಟರು. ದಾರಿಯುದ್ದಕ್ಕೂ ಜನ ಕಂಡದ್ದು ಇಷ್ಟು: ಇಲಾಖೆಯ ಟ್ಯಾಂಕರು, ಕಿಟಕಿಯಲ್ಲಿ ಬಾಯಿ ತೆರೆದು ಕೂಗುತ್ತಿರುವ ಒಬ್ಬ ನೌಕರ. ನೀರು ಬಂತೆಂದು ಸಾರುತ್ತಿದ್ದಾನೆಂದು ತಿಳಿದು ಬಿಂದಿಗೆ, ಬಕೆಟ್ಟು, ಮಗುವಿನ ಸ್ನಾನದ ತೊಟ್ಟಿ ಹಿಡಿದು ಬೀದಿಗೆ ಬೀದಿಯೇ ಹಿಂದೆ ಓಡಿಬಂತು. ಎರಡು ಕಡೆ ಅಡ್ಡ ನಿಂತು ತಡೆದರು. "ನೀರಿಲ್ಲ, ಗಂಡ ಇದಾರೆ ಒಳಗೆ!" ಎಂದು ಹೆಂಡತಿ ಕೂಗಿದ್ದನ್ನು ಯಾರೂ ನಂಬಲಿಲ್ಲ. ಟ್ಯಾಂಕರು ಖಾಲಿಯೆಂದು ಗುದ್ದಿ ನೋಡಿ ಖಾತ್ರಿಪಡಿಸಿಕೊಂಡ ಮೇಲೆಯೇ ದಾರಿ ಬಿಟ್ಟರು. ಆಸ್ಪತ್ರೆ ಮುಟ್ಟಿದಾಗ ಹನ್ನೆರಡಕ್ಕೆ ಐದು ನಿಮಿಷವಿತ್ತು.

ತಜ್ಞೆ ಎರಡು ಹೆಬ್ಬೆರಳನ್ನು ಹಿಂದಿನ ಹಲ್ಲಿನ ಮೇಲಿಟ್ಟು ಕೆಳಗೊತ್ತಿ ಹಿಂದೆ ತಳ್ಳಿದರು. ಬಾಯಿ ಮುಚ್ಚಿತು. ತಲೆಯಿಂದ ಗಲ್ಲಕ್ಕೆ ಸುತ್ತಿ ಪಟ್ಟಿ ಕಟ್ಟಿದರು.

"ಬೆಳಿಗ್ಗೆ ಹತ್ತಕ್ಕೆ ನಿಮ್ಮ ಹೆಸರು ಕೂಗಿದ್ವಿ. ಬರಲಿಲ್ಲ ಅಂತ ಆ ಎಂಟು ವಾರ ಇನ್ನೊಬ್ಬರಿಗೆ ಕೊಟ್ಟಾಯ್ತು" ಎಂದರು, ನಿಜವಾಗಿಯೂ ಬೇಸರದಿಂದ. "ಐದು ತಿಂಗಳು ಕಾಯ್ಬೇಕಾಗುತ್ತೆ."

ಗುಮಾಸ್ತರು ಪಟ್ಟಿಯೊಳಗಿಂದ ಗೋಡೆ ನೋಡಿದರು. ಕಣ್ಣಲ್ಲಿ ಈ ಸಲ ನೀರೂ ಬರಲಿಲ್ಲ. ಹೆಂಡತಿ ಎದ್ದು ತಜ್ಞೆಯ ಪಕ್ಕಕ್ಕೆ ಹೋಗಿ ನಿಂತರು.

"ಆ ಸ್ನಾಯು ಸಡಿಲ ಮಾಡೋದು ಹೇಗೆ ಅಂತ ನನಗೆ ಹೇಳಿಕೊಡಿ ಡಾಕ್ಟ್ರೇ. ಅಷ್ಟು ಹೇಳಿಕೊಡದೆ ನಾನು ಹೋಗಲ್ಲ."

ಊಟದ ಹೊತ್ತು ಮೀರಿದರೂ ತಜ್ಞೆ ಹೇಳಿಕೊಟ್ಟರು. ಬೆರಳು ಎಲ್ಲಿ, ಎಷ್ಟು ಒತ್ತಡ, ಯಾವ ಕಡೆಗೆ ಸುತ್ತು. ಒಂದು ಸಲಕ್ಕೆ ಐದು ನಿಮಿಷ, ಪಟ್ಟಿ ಬಿಚ್ಚಿದ ಮೇಲೆ ದಿನಕ್ಕೆ ಎರಡು ಸಲ. ಹಲ್ಲು ಬಿಗಿಯುವ ಕೆಲಸದ ದಿನ ಮಧ್ಯಾಹ್ನವೂ ಒಂದು ಸಲ. ಬಳಿಕ ಪ್ರಮಾಣಪತ್ರ ಬರೆದರು: ಆರು ವಾರ ಬಾಯಿ ಅಗಲಿಸಬಾರದು, ಮಾತಾಡಬಾರದು. ಕೆಳಗೆ ಮೊದಲೇ ಅಚ್ಚಾಗಿದ್ದ ಒಂದು ಸಾಲಿತ್ತು: 'ಕುಳಿತು ಮಾಡುವ ಹಗುರ ಕೆಲಸಕ್ಕೆ ಅಡ್ಡಿಯಿಲ್ಲ.' ಅದನ್ನು ಹೊಡೆದುಹಾಕಲು ಮರೆತರು.

ಸಾಹೇಬರು ಪ್ರಮಾಣಪತ್ರವನ್ನು ಎರಡು ಸಲ ಓದಿದರು. ಎರಡನೆಯ ಸಲ ಎದ್ದು ನಿಂತು ಓದಿದರು.

"ಮಾತಾಡಬಾರದು! ನಾನು ಇಷ್ಟು ದಿನ ಹೇಳ್ತಿದ್ದೂ ಅದೇ ಅಲ್ವೇನ್ರೀ? ಡಾಕ್ಟ್ರೇ ಬರೆದುಕೊಟ್ಟ ಮೇಲೆ ಮುಗೀತು." ಆಮೇಲೆ ಧ್ವನಿ ತಗ್ಗಿಸಿ, "ನಿಮ್ಮ ಮನೆಯವರ ದೂರಿನ ಬಗ್ಗೆ ನನಗೇನೂ ಸಿಟ್ಟಿಲ್ಲ. ಪೂರ್ತಿ ಓದಿದ್ರೆ ದಾಖಲು ಮಾಡಲೇಬೇಕಿತ್ತು. ಒಂದು ವಾಕ್ಯದಲ್ಲಿ ತಪ್ಪಿಹೋಯ್ತು" ಎಂದರು. ಬದಲಿ ಗುಮಾಸ್ತನ ಆ ಅರವತ್ತೊಂದನ್ನು ಬಿಟ್ಟರೆ ಆ ತಿಂಗಳ ಲೆಕ್ಕವೂ ಸೊನ್ನೆ. ಪಟ್ಟಿ ಕಟ್ಟಿದ ತಲೆಯ ಗುಮಾಸ್ತರನ್ನು ನೋಡಲು ಈಗ ಜನ ನಲ್ಲಿಯಲ್ಲಿ ನೀರಿದ್ದರೂ ಬರತೊಡಗಿದರು. ಬಡ್ತಿಯ ಪಟ್ಟಿಯೂ ಹೊರಬಿತ್ತು. ಈ ಜಾಗಕ್ಕೆ ಬೇರೆ ಯಾರೂ ಸರಿಹೊಂದುವುದಿಲ್ಲವೆಂಬ ಕಾರಣ ಕೊಟ್ಟು ಅವರನ್ನು ಅಲ್ಲೇ ಉಳಿಸಲಾಗಿತ್ತು.

ಪಟ್ಟಿ ಬಿಚ್ಚಿದ ಮೇಲಿನ ಮೊದಲ ಬುಧವಾರ ಮಧ್ಯಾಹ್ನ, ಮೂವತ್ತೆರಡನೆಯ ಟೋಕನ್ನು ಹಿಡಿದು ಹೆಂಡತಿ ಬಂದರು. ಕಚೇರಿಯೊಳಗೆ ಹೊರಗಿನವರಿಗೆ ಪ್ರವೇಶವಿಲ್ಲ. ಆದರೆ ಒಂದು ಟೋಕನ್ನಿಗೆ ಕಿಂಡಿಯ ಮುಂದೆ ಐದು ನಿಮಿಷವಿದೆ, ಆ ಐದು ನಿಮಿಷದಲ್ಲಿ ಕೈಯನ್ನು ಎಲ್ಲಿಡಬೇಕೆಂದು ನಿಯಮದಲ್ಲಿ ಬರೆದಿಲ್ಲ. ಆಕೆ ಎರಡು ಕೈಗಳನ್ನೂ ಗಾಜಿನ ಕೆಳಗಿನ ಕಿಂಡಿಯೊಳಗೆ ತೂರಿಸಿ, "ಮುಂದೆ ಬಗ್ಗಿ" ಎಂದರು. ಗುಮಾಸ್ತರು ಬಗ್ಗಿದರು. ಕಿವಿಯ ಮುಂದೆ ಬೆರಳುಗಳು ಸುತ್ತತೊಡಗಿದವು.

ಜವಾನ ನಿಯಮಪುಸ್ತಕ ತಿರುವಿ ಹಾಕಿ ಏನೂ ಸಿಗದೆ ಮತ್ತೆ ಮುಚ್ಚಿಟ್ಟ. ಮೂವತ್ತಮೂರನೆಯವರು ಗಡಿಯಾರ ನೋಡಿಕೊಂಡು ಕಾದರು.

ಆಮೇಲೆ ಅದು ಪ್ರತಿ ಬುಧವಾರದ ಪರಿಪಾಠವಾಯಿತು. ನೋವು ಹೋಯಿತೇ ಎಂದರೆ, ಇಲ್ಲ. ಒಂದು ಬೆರಳು ಹಿಡಿಸುತ್ತಿದ್ದ ಬಾಯಲ್ಲಿ ಒಂದೂವರೆ ಬೆರಳು ಹಿಡಿಸತೊಡಗಿತು, ಅದೂ ಬಿಸಿಲಿದ್ದ ದಿನ. ಐದು ತಿಂಗಳಲ್ಲಿ ಇನ್ನೂ ಮೂರು ಬಾಕಿ. ಆಗ ಬರುವ ಸರದಿಯೂ ಬುಧವಾರವೇ.

ಬೆರಳು ಸುತ್ತುವಾಗ ಹೆಂಡತಿ ಸುಮ್ಮನಿರುತ್ತಿರಲಿಲ್ಲ. ನಿಂತುಹೋಗಿದ್ದ ಜಗಳವನ್ನು ಆಕೆ ಒಬ್ಬರೇ ನಡೆಸುತ್ತಿದ್ದರು, ಎರಡೂ ಪಾತ್ರ ತಾವೇ ಹಾಕಿ.

"ಮೊನ್ನೆ ಕೊಡೆ ಬಸ್ಸಲ್ಲಿ ಬಿಟ್ಟು ಬಂದೋರು ಯಾರು ಅಂತೀನಿ ನಾನು. ಆಗ ನೀವು, 'ಕೊಡೆ ತಗೊಂಡು ಹೋಗು ಅಂದೋಳು ನೀನು, ಮೋಡವೇ ಇರಲಿಲ್ಲ' ಅಂತೀರಿ. ಮೋಡ ಇಲ್ದಿದ್ರೆ ಕೊಡೆ ಕಳೀಬೇಕು ಅಂತಿದ್ಯಾ, ಅಂತೀನಿ ನಾನು. 'ನೀನು ತಗೊಂಡು ಹೋಗು ಅನ್ನದಿದ್ರೆ ಅದು ಕಳೀತಾನೇ ಇರ್ಲಿಲ್ಲ' ಅಂತೀರಿ ನೀವು." ಬೆರಳುಗಳು ಒಂದು ಸುತ್ತು ನಿಧಾನವಾದವು. "ಹೂಂ. ಅದೂ ಸರೀನೇ. ತಪ್ಪು ನಂದೇ ಬಿಡಿ."

ಇಪ್ಪತ್ತೆರಡು ವರ್ಷಗಳಲ್ಲಿ ಗುಮಾಸ್ತರು ಗೆದ್ದ ಮೊದಲ ಜಗಳ ಅದು. ಆದರೆ ಕೊಡೆಯನ್ನು ಬಸ್ಸಿನಲ್ಲಿ ಬಿಟ್ಟು ಬಂದವರು ಅವರೇ. ಅಂದು ಬೆಳಿಗ್ಗೆ ಮೋಡವೂ ಇತ್ತು. ಅದೂ ಅವರಿಗೆ ಚೆನ್ನಾಗಿ ನೆನಪಿತ್ತು. ಹೀಗೆ ಪುಕ್ಕಟೆಯಾಗಿ ಗೆಲ್ಲುವುದು ಅವರಿಂದ ಸಹಿಸಲಾಗಲಿಲ್ಲ. ಇಲ್ಲ, ತಪ್ಪು ತನ್ನದೇ ಎಂದು ಹೇಳಲು ಅವರು ಒಂದೂವರೆ ಬೆರಳನ್ನೂ ದಾಟಿ ದವಡೆ ಕೆಳಗಿಳಿಸಿದರು.

"ಬಾಯಿ ಮುಚ್ರೀ" ಎಂದರು ಹೆಂಡತಿ, ಬೆರಳು ತೆಗೆಯದೆ. "ನನ್ನ ಟೋಕನ್ನಿಗೆ ಇನ್ನೂ ಎರಡು ನಿಮಿಷ ಇದೆ."